ನೀನು ಯಾರ ಕಡೆ?



ಯೆಹೋಶುವನ ಗ್ರಂಥದ ಐದನೆಯ ಅಧ್ಯಾಯದ ಕೊನೆಯಲ್ಲಿ ಒಂದು ಚಿಕ್ಕ ಪ್ರಸಂಗವಿದೆ (5:13-15). ಇಸ್ರಯೇಲರು ಜೋರ್ಡನ್ ನದಿ ದಾಟಿ ಬಂದಿದ್ದಾರೆ. ಎದುರಿಗೆ ಜೆರಿಕೊ ಪಟ್ಟಣದ ಕೋಟೆ. ಯುದ್ಧಕ್ಕೆ ಇನ್ನು ಹೆಚ್ಚು ದಿನವಿಲ್ಲ. ಯೆಹೋಶುವನು ಕಣ್ಣೆತ್ತಿ ನೋಡಿದಾಗ, ಒರೆಯಿಂದ ಕತ್ತಿ ಹಿರಿದು ನಿಂತ ಒಬ್ಬ ಪುರುಷ ಕಾಣಿಸುತ್ತಾನೆ. ಸೇನೆಯನ್ನು ನಡೆಸುವವನ ಬಾಯಲ್ಲಿ ಬರಬಹುದಾದ ಪ್ರಶ್ನೆಯನ್ನೇ ಯೆಹೋಶುವನು ಕೇಳುತ್ತಾನೆ: ನೀನು ನಮ್ಮ ಕಡೆಯವನೋ, ವೈರಿಗಳ ಕಡೆಯವನೋ? ಆ ಪುರುಷ ಎರಡನ್ನೂ ಒಪ್ಪುವುದಿಲ್ಲ. ತಾನು ದೇವರ ಸೈನ್ಯದ ನಾಯಕನಾಗಿ ಬಂದಿರುವುದಾಗಿ ತಿಳಿಸಿ, ಕಾಲಿನ ಕೆರ ಕಳಚುವಂತೆ ಯೆಹೋಶುವನಿಗೆ ಹೇಳುತ್ತಾನೆ. ಯೆಹೋಶುವನು ಹಾಗೆಯೇ ಮಾಡುತ್ತಾನೆ.

ದೇವರು ಆರಿಸಿಕೊಂಡ ಜನಾಂಗದ ನಾಯಕನಿಗೇ ದೇವದೂತನು 'ನಾನು ನಿನ್ನ ಕಡೆ' ಎಂದು ಹೇಳಲಿಲ್ಲ ಎಂಬುದನ್ನು ಗಮನಿಸಿ. ದೇವರು ನಮ್ಮ ಕಡೆ ಇದ್ದಾರೆಯೇ ಎಂದು ನಾವು ಕೇಳುತ್ತೇವೆ. ನೀನು ನನ್ನ ಕಡೆ ಇದ್ದೀಯಾ ಎಂದು ದೇವರು ತಿರುಗಿ ಕೇಳುತ್ತಾರೆ. ಮುಂದಿನ ಅಧ್ಯಾಯದಲ್ಲಿ ಜೆರಿಕೊ ಬೀಳುತ್ತದೆ, ನಿಜ. ಆದರೆ ಆ ವೈರಿಪಟ್ಟಣದ ಒಬ್ಬ ಹೆಣ್ಣುಮಗಳು, ರಾಹಾಬಳು, ತನ್ನ ಮನೆಮಂದಿಯೊಡನೆ ಉಳಿಯುತ್ತಾಳೆ. ಮತ್ತಾಯನ ಶುಭಸಂದೇಶ ತೆರೆದರೆ ಯೇಸುಸ್ವಾಮಿಯ ವಂಶಾವಳಿಯಲ್ಲಿ ಆಕೆಯ ಹೆಸರೂ ಇದೆ (1:5). ಎದುರು ಪಕ್ಷದ ಊರಿನಿಂದಲೂ ದೇವರು ತಮ್ಮ ಮಗನಿಗೆ ಒಬ್ಬ ಅಜ್ಜಿಯನ್ನು ಆರಿಸಿಕೊಂಡರು.

ಯೆಹೋಶುವನ ಆ ಪ್ರಶ್ನೆಯನ್ನು ಈಗ ನಮ್ಮ ಮಕ್ಕಳು ದಿನವೂ ಕೇಳಿಸಿಕೊಳ್ಳುತ್ತಾರೆ. ಕೇಳುವುದು ಮನುಷ್ಯರಲ್ಲ, ಮೊಬೈಲ್ ಮತ್ತು ಕಂಪ್ಯೂಟರಿನ ಪರದೆ. ಯುದ್ಧದ ಆಟ ತೆರೆದ ಕೂಡಲೇ ಹಲವು ಬಾರಿ ಬರುವ ಮೊದಲ ಪ್ರಶ್ನೆ ಇದೇ: ನಿನ್ನದು ಯಾವ ಕಡೆ? ಮಗ ಒಂದು ಗುಂಡಿ ಒತ್ತುತ್ತಾನೆ, ಆಟ ಶುರುವಾಗುತ್ತದೆ. ಆ ಗುಂಡಿ ಒತ್ತುವಾಗ ಅವನು ನಿಜವಾಗಿ ಏನನ್ನು ಆರಿಸಿಕೊಳ್ಳುತ್ತಾನೆ? ಈ ವಾರ ಅದನ್ನು ಸ್ವಲ್ಪ ಯೋಚಿಸೋಣ.

ಆಟ ಪಾಪವಲ್ಲ

ಮೊದಲಿಗೇ ಒಂದು ಮಾತು. ಕಡೆ ಕಟ್ಟಿಕೊಂಡು ಆಡುವುದು ಪಾಪವಲ್ಲ. ನಮ್ಮ ಹಳ್ಳಿಗಳ ಜಗಲಿಯ ಮೇಲೆ ಆಡು-ಹುಲಿ ಆಟದ ಮನೆಗಳನ್ನು ಗೀಚಿ ಆಡಿದವರು ಎಷ್ಟು ಮಂದಿ! ಒಬ್ಬ ಹುಲಿಯಾಗುತ್ತಾನೆ, ಇನ್ನೊಬ್ಬ ಆಡುಗಳನ್ನು ಕಾಯುತ್ತಾನೆ. ಮುಂದಿನ ಆಟದಲ್ಲಿ ಅದಲು ಬದಲು. ಬೀದಿಯ ಕಳ್ಳ-ಪೊಲೀಸ್ ಆಟದಲ್ಲಿ ಕಳ್ಳನಾದ ಹುಡುಗ ಮನೆಗೆ ಬಂದು ಕಳ್ಳನಾಗಿ ಉಳಿಯುವುದಿಲ್ಲ. ಆವಿಲಾದ ಸಂತ ತೆರೇಸಾರವರು ತಮ್ಮ ಕನ್ಯಾಸ್ತ್ರೀಯರಿಗೆ ಪ್ರಾರ್ಥನೆಯ ವಿಷಯ ಬರೆಯುವಾಗ ಚದುರಂಗದ ಉದಾಹರಣೆಯನ್ನೇ ಕೊಟ್ಟರು. ಯುದ್ಧದ ಆಟವೊಂದು ಒಬ್ಬ ಸಂತಳ ಕೈಯಲ್ಲಿ ಪ್ರಾರ್ಥನೆಯ ಪಾಠವಾಯಿತು.

ಕಂಪ್ಯೂಟರಿನ ಅನೇಕ ಯುದ್ಧದ ಆಟಗಳೂ ಇದೇ ಜಾತಿಯವು. 1999ರಲ್ಲಿ ಹುಟ್ಟಿದ 'ಕೌಂಟರ್ ಸ್ಟ್ರೈಕ್' ಎಂಬ ಪ್ರಸಿದ್ಧ ಆಟವನ್ನು ನೋಡಿ. ಅದರಲ್ಲಿ ಒಂದು ತಂಡ ಭಯೋತ್ಪಾದಕರದು, ಇನ್ನೊಂದು ಅವರನ್ನು ತಡೆಯುವವರದು. ಸ್ಪರ್ಧೆಯ ಪಂದ್ಯಗಳಲ್ಲಿ ಅರ್ಧ ಆಟವಾದ ಮೇಲೆ ಎರಡೂ ತಂಡಗಳು ಸ್ಥಾನ ಬದಲಿಸುತ್ತವೆ. ಅದುವರೆಗೆ ಬಾಂಬು ಇಡುತ್ತಿದ್ದ ಹುಡುಗ ಈಗ ಬಾಂಬು ನಿಷ್ಕ್ರಿಯಗೊಳಿಸಲು ಓಡುತ್ತಾನೆ. ಇಲ್ಲಿ ಕಡೆ ಎಂದರೆ ಬರೀ ಅಂಗಿ. ಹೊತ್ತು ಗೊತ್ತು ಮೀರದೆ, ಓದು ಪ್ರಾರ್ಥನೆಗಳನ್ನು ನುಂಗದೆ ಇದ್ದರೆ ಇಂಥ ಆಟಕ್ಕೆ ಹೆದರಬೇಕಾದ್ದು ಹೆಚ್ಚೇನಿಲ್ಲ.

ಆದರೆ ಆಟವೇ ಕಥೆಯಾದಾಗ ವಿಷಯ ಬೇರೆಯಾಗುತ್ತದೆ. ಪುಸ್ತಕ ಓದುವವನು ನಾಯಕ ಮಾಡಿದ್ದನ್ನು ನೋಡುತ್ತಾನೆ. ಆಟದಲ್ಲಿ ನಾಯಕನ ಕೈಯೇ ನಮ್ಮ ಕೈ. ಕಥೆ ನಿಂತು ಕೇಳುತ್ತದೆ: ಈಗ ಏನು ಮಾಡುತ್ತೀ? ಹೀಗೆ ಕೇಳುವ ಎರಡು ಆಟಗಳ ಕಥೆಯನ್ನು ಇಲ್ಲಿ ಹೇಳುತ್ತೇನೆ. ಇವೆರಡೂ ಚಿಕ್ಕ ಮಕ್ಕಳಿಗಾಗಿ ಮಾಡಿದವಲ್ಲ ಎಂಬುದನ್ನು ತಂದೆತಾಯಿಗಳು ನೆನಪಿಡಬೇಕು.

ಕಡೆಯೇ ಇಲ್ಲದ ಯುದ್ಧ

2014ರಲ್ಲಿ ಪೋಲೆಂಡಿನ ವಾರ್ಸಾ ನಗರದ ಒಂದು ಕಂಪನಿ 'ದಿಸ್ ವಾರ್ ಆಫ್ ಮೈನ್' ಎಂಬ ಆಟವನ್ನು ಹೊರತಂದಿತು. ಅದಕ್ಕೆ ಪ್ರೇರಣೆ ಬೋಸ್ನಿಯಾದ ಸರಾಯೆವೊ ನಗರದ ಮುತ್ತಿಗೆ. 1992ರ ಏಪ್ರಿಲಿನಿಂದ 1996ರ ಫೆಬ್ರವರಿಯವರೆಗೆ ಆ ನಗರದ ಜನ ನೀರು, ವಿದ್ಯುತ್ತು, ರೊಟ್ಟಿಗಾಗಿ ಪರದಾಡಿದರು. ನೀರು ತರಲು ಹೋದವರ ಮೇಲೆ ಸುತ್ತಲಿನ ಬೆಟ್ಟಗಳಿಂದ ಗುಂಡು ಬೀಳುತ್ತಿತ್ತು.

ಈ ಆಟದಲ್ಲಿ ನೀವು ಸೈನಿಕರಲ್ಲ. ಮುರಿದ ಮನೆಯೊಂದರಲ್ಲಿ ಅಡಗಿರುವ ಮೂರು ನಾಲ್ಕು ಮಂದಿ ಸಾಮಾನ್ಯರನ್ನು ನೀವು ಬದುಕಿಸಬೇಕು. ಹಗಲು ಹೊರಗೆ ಕಾಲಿಡುವಂತಿಲ್ಲ. ರಾತ್ರಿ ಒಬ್ಬರು ಹೋಗಿ ಆಹಾರ, ಔಷಧ, ಸೌದೆ ಹುಡುಕಿ ತರಬೇಕು. ಯಾವ ಪಕ್ಷ ನ್ಯಾಯವಾದದ್ದು, ಯಾರು ಗೆಲ್ಲಬೇಕು ಎಂದು ಆಟ ಕೇಳುವುದಿಲ್ಲ. ಕೇಳುವುದು ಬೇರೊಂದನ್ನು. ಒಂದು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಇದ್ದಾರೆ. ಅವರ ಬಳಿ ಊಟವಿದೆ, ಔಷಧವಿದೆ. ತಡೆಯುವ ಶಕ್ತಿ ಅವರಿಗಿಲ್ಲ. ಮುದುಕ ಹಿಂದೆ ಹಿಂದೆ ಬಂದು ಬೇಡಿಕೊಳ್ಳುತ್ತಾನೆ. ನಿಮ್ಮ ಮನೆಯಲ್ಲೂ ಒಬ್ಬರಿಗೆ ಜ್ವರ. ದೋಚುತ್ತೀರಾ, ಬಿಡುತ್ತೀರಾ?

ದೋಚಿದರೆ ಆಟ ಬಯ್ಯುವುದಿಲ್ಲ, ಅಂಕ ಕಳೆಯುವುದೂ ಇಲ್ಲ. ಔಷಧ ಮನೆಗೆ ಬರುತ್ತದೆ. ಆದರೆ ತಂದವನು ಮಂಕಾಗುತ್ತಾನೆ. ಮನೆಯ ಇತರರ ಮುಖವೂ ಬಾಡುತ್ತದೆ. ಹೊಟ್ಟೆ ತುಂಬಿದರೂ ಮನೆಯೊಳಗಿನ ಜೀವ ಕುಗ್ಗುತ್ತದೆ. ಜೊತೆಗೆ, ನಮಗೆ ಬೇಕಾದ ಕಡೆ ಆಟವನ್ನು ಉಳಿಸಿಟ್ಟು, ತಪ್ಪಾದರೆ ಅಲ್ಲಿಗೇ ಹಿಂದಿರುಗುವ ಸೌಕರ್ಯವನ್ನು ಇದನ್ನು ಮಾಡಿದವರು ಕೊಟ್ಟಿಲ್ಲ. ದಿನ ಕಳೆದರೆ ಕಳೆಯಿತು. ಈ ಆಟವನ್ನು ಪ್ರೌಢಶಾಲೆ ಮುಗಿಸುವ ಹಂತದ ವಿದ್ಯಾರ್ಥಿಗಳ ಅಭ್ಯಾಸಪಟ್ಟಿಗೆ ಸೇರಿಸುವುದಾಗಿ ಪೋಲೆಂಡಿನ ಸರ್ಕಾರವೇ 2020ರಲ್ಲಿ ಪ್ರಕಟಿಸಿತು.

ಸರಾಯೆವೊದ ಜನ 2012ರ ಏಪ್ರಿಲಿನಲ್ಲಿ, ಮುತ್ತಿಗೆ ಶುರುವಾಗಿ ಇಪ್ಪತ್ತು ವರ್ಷವಾದಾಗ, ತಮ್ಮ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಸಾಲಾಗಿ ಇಟ್ಟರು. ಸತ್ತವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾಲಿ ಕುರ್ಚಿ. ಅವುಗಳ ನಡುವೆ ಮಕ್ಕಳಿಗಾಗಿ ಇಟ್ಟ ಚಿಕ್ಕ ಕುರ್ಚಿಗಳೂ ಇದ್ದವು. ಅಂಥ ಕುರ್ಚಿಯ ಮುಂದೆ ನಿಂತವನಿಗೆ ಈ ಮಗು ಯಾರ ಕಡೆಯದು ಎಂದು ಕೇಳಲು ಬಾಯಿ ಬರುತ್ತದೆಯೇ?

ಪರದೆ ತೋರಿಸದ ದಾರಿ

ಎರಡನೆಯ ಆಟ 'ಸ್ಪೆಕ್ ಆಪ್ಸ್: ದ ಲೈನ್', ಬರ್ಲಿನ್ ನಗರದಲ್ಲಿ ತಯಾರಾಗಿ 2012ರಲ್ಲಿ ಬಂದದ್ದು. ಮರಳಿನ ಬಿರುಗಾಳಿಗೆ ಹೂತುಹೋದ ದುಬೈ ನಗರಕ್ಕೆ ಮೂವರು ಅಮೆರಿಕನ್ ಸೈನಿಕರು ಜನರನ್ನು ಉಳಿಸಲೆಂದು ಹೋಗುವ ಕಲ್ಪಿತ ಕಥೆ. ಅದರಲ್ಲಿ ಒಂದು ಕಡೆ, ಸುಡುವ ರಂಜಕದ ಶೆಲ್ಲುಗಳನ್ನು ಪರದೆಯ ಮೇಲಿನ ಬಿಳಿ ಚುಕ್ಕೆಗಳ ಮೇಲೆ ಹಾರಿಸದೆ ಆಟ ಮುಂದೆ ಸಾಗುವುದಿಲ್ಲ. ಹಾರಿಸಿದ ಮೇಲೆ ಅದೇ ಜಾಗದಲ್ಲಿ ನಡೆದು ಹೋಗಬೇಕು. ಆ ಚುಕ್ಕೆಗಳಲ್ಲಿ ಅನೇಕರು ಆಶ್ರಯ ಪಡೆದಿದ್ದ ಹೆಂಗಸರು ಮಕ್ಕಳು ಎಂಬುದು ಆಗ ಗೊತ್ತಾಗುತ್ತದೆ. ಕರುಣೆಯ ಕಡೆ ಎಂದು ಹೊರಟವನು ಕೊಲೆಗಾರನಾಗಿ ನಿಂತಿರುತ್ತಾನೆ.

ಮುಂದೆ ಇನ್ನೊಂದು ಪ್ರಸಂಗ. ರೊಚ್ಚಿಗೆದ್ದ ಜನ ಇವನ ಒಬ್ಬ ಸಂಗಡಿಗನನ್ನು ನೇಣಿಗೇರಿಸಿದ್ದಾರೆ. ಸುತ್ತುವರಿದು ಕಲ್ಲೆಸೆಯುತ್ತಿದ್ದಾರೆ. ಕೈಯಲ್ಲಿ ಬಂದೂಕಿದೆ, ಮನಸ್ಸಿನಲ್ಲಿ ಸೇಡಿದೆ. ಗುಂಪಿನ ಮೇಲೆ ಹಾರಿಸಬೇಕು, ಇಲ್ಲವೇ ಸಾಯಬೇಕು, ಎರಡೇ ದಾರಿ ಎಂದು ಆಡುವವನಿಗೆ ತೋರುತ್ತದೆ. ಆದರೆ ಆಕಾಶಕ್ಕೆ ಗುಂಡು ಹಾರಿಸಿದರೆ ಜನ ಹೆದರಿ ಚದುರುತ್ತಾರೆ, ಯಾರೂ ಸಾಯುವುದಿಲ್ಲ. ಆ ದಾರಿ ಇದೆ ಎಂದು ಆಟ ಎಲ್ಲೂ ಬರೆದು ತೋರಿಸುವುದಿಲ್ಲ. ಬಂದೂಕನ್ನು ಒಂದಿಷ್ಟು ಮೇಲಕ್ಕೆತ್ತಬೇಕೆಂದು ಹೊಳೆದವನಿಗೆ ಮಾತ್ರ ಅದು ಸಿಗುತ್ತದೆ.

ಇದನ್ನು ಕೇಳಿದಾಗ ಶುಭಸಂದೇಶ ನೆನಪಾಗುವುದಿಲ್ಲವೇ? ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದುಕೊಂಡು ಬಂದವರು ಪ್ರಭು ಯೇಸುವಿನ ಮುಂದೆ ಇಟ್ಟದ್ದು ಎರಡೇ ಗುಂಡಿ (ಯೊವಾನ್ನ 8:1-11). ಕಲ್ಲೆಸೆಯಿರಿ ಎಂದರೆ ಕರುಣೆ ಸತ್ತಿತು. ಬಿಡಿ ಎಂದರೆ ಮೋಶೆಯ ಧರ್ಮಶಾಸ್ತ್ರ ಮುರಿಯಿತು. ಯೇಸು ಎರಡನ್ನೂ ಒತ್ತಲಿಲ್ಲ. ಬಗ್ಗಿ ನೆಲದ ಮೇಲೆ ಬರೆದರು. ಆ ಮೌನದಲ್ಲಿ ಪ್ರತಿಯೊಬ್ಬನೂ ತನ್ನ ಪಾಪವನ್ನು ನೋಡಿಕೊಳ್ಳುವಂತಾಯಿತು. ಕಲ್ಲುಗಳು ಕೈಯಿಂದ ಜಾರಿದವು. ಆ ಹೆಂಗಸು ಬದುಕಿದಳು, ಕಲ್ಲು ಹಿಡಿದು ಬಂದವರೂ ಕೊಲೆಯಿಂದ ಉಳಿದರು.

ಯೇಸುಸ್ವಾಮಿ ತಮ್ಮ ಹನ್ನೆರಡು ಮಂದಿಯನ್ನು ಆರಿಸಿದ ರೀತಿಯನ್ನೂ ನೋಡಿ. ರೋಮನ್ನರ ಪರವಾಗಿ ಸುಂಕ ವಸೂಲು ಮಾಡುತ್ತಿದ್ದ ಮತ್ತಾಯ ಒಬ್ಬ. 'ಉಗ್ರಾಭಿಮಾನಿ' ಎಂದು ಹೆಸರಾದ ಸಿಮೋನ ಇನ್ನೊಬ್ಬ (ಲೂಕ 6:15). ಊರಿನ ಲೆಕ್ಕದಲ್ಲಿ ಇವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂರುವವರಲ್ಲ. ಕಡೆಯ ಭೋಜನದ ರಾತ್ರಿ ಇಬ್ಬರೂ ಒಂದೇ ರೊಟ್ಟಿಯನ್ನು ಮುರಿದು ತಿಂದರು.

ನಿಜ ಜೀವನದಲ್ಲಿ

ಆಟದಲ್ಲಿ ಮೂರನೆಯ ದಾರಿ ಹಿಡಿಯಲು ಒಂದು ಕ್ಷಣ ಸಾಕು. ಬದುಕಿನಲ್ಲಿ ಅದಕ್ಕೆ ಬೆಲೆ ತೆರಬೇಕು. ಆಸ್ಟ್ರಿಯಾ ದೇಶದ ಸಂತ ರಾಡೆಗುಂಡ್ ಎಂಬ ಹಳ್ಳಿಯ ರೈತ ಫ್ರಾನ್ಸ್ ಯೇಗರ್‌ಸ್ಟೆಟ್ಟರ್ ಆ ಬೆಲೆ ತೆತ್ತವರು. ಅವರು 1907ರಲ್ಲಿ ಹುಟ್ಟಿದರು. ಊರಿನ ದೇವಾಲಯದಲ್ಲಿ ಪೂಜಾಸಹಾಯಕನ ಕೆಲಸ; ಮನೆಯಲ್ಲಿ ಹೆಂಡತಿ ಫ್ರಾನ್ಸಿಸ್ಕಾ ಮತ್ತು ಮೂರು ಪುಟ್ಟ ಹೆಣ್ಣುಮಕ್ಕಳು. 1943ರಲ್ಲಿ ಹಿಟ್ಲರನ ಸೇನೆಗೆ ಸೇರಬೇಕೆಂಬ ಕರೆ ಬಂತು. ಈ ಯುದ್ಧ ಅನ್ಯಾಯದ್ದು, ನಾನು ಬಂದೂಕು ಹಿಡಿಯಲಾರೆ ಎಂದು ಅವರು ಹೇಳಿದರು. ಗಾಯಾಳುಗಳ ಸೇವೆಗೆ ಹಾಕಿದರೆ ಬರುತ್ತೇನೆ ಎಂದೂ ಕೇಳಿಕೊಂಡರು. ಅಧಿಕಾರಿಗಳು ಒಪ್ಪಲಿಲ್ಲ. ಹೆಂಡತಿ ಮಕ್ಕಳ ಮುಖ ನೋಡಿ ಸಹಿ ಹಾಕು ಎಂದು ಬುದ್ಧಿ ಹೇಳಿದವರು ಅನೇಕರು. ಅವರಲ್ಲಿ ಗುರುಗಳೂ ಇದ್ದರು. 1943ರ ಆಗಸ್ಟ್ 9ರಂದು ಅವರ ತಲೆ ಕಡಿಯಲಾಯಿತು. ಆಗ ಅವರಿಗೆ 36 ವರ್ಷ.

ಅವರು ಸತ್ತದ್ದರಿಂದ ಯುದ್ಧ ನಿಲ್ಲಲಿಲ್ಲ. ಊರಿನಲ್ಲಿ ಅವರ ಸಂಸಾರ ಬಹಳ ಕಾಲ ಚುಚ್ಚುಮಾತು ಕೇಳಿತು. ಆದರೂ 2007ರ ಅಕ್ಟೋಬರ್ 26ರಂದು ಲಿಂಟ್ಸ್ ನಗರದ ಪ್ರಧಾನಾಲಯದಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಸಾರಿದಾಗ, 94 ವರ್ಷದ ಫ್ರಾನ್ಸಿಸ್ಕಾ ಅಲ್ಲಿ ಕುಳಿತು ನೋಡಿದರು.

ಹಾಗಾದರೆ ಎಲ್ಲ ಕಡೆಗಳೂ ಒಂದೇ, ನ್ಯಾಯ ಅನ್ಯಾಯ ಎಂಬುದಿಲ್ಲ ಎಂದು ಯಾರೂ ತಿಳಿಯಬಾರದು. ಪುನೀತ ಫ್ರಾನ್ಸ್ ಅನ್ಯಾಯವನ್ನು ಅನ್ಯಾಯವೆಂದು ಗುರುತಿಸಿದ್ದರಿಂದಲೇ ಪ್ರಾಣ ಕೊಟ್ಟರು. ದೇಶವನ್ನು ಕಾಯಲು ಗೌರವದಿಂದ ದುಡಿಯುವ ಸೈನಿಕರು ಶಾಂತಿಗೆ ನೆರವಾಗುತ್ತಾರೆ ಎಂದು ಕಥೋಲಿಕ ಧರ್ಮಸಭೆಯ ಕ್ಯಾಟೆಕಿಸಂ ಗ್ರಂಥ ಕಲಿಸುತ್ತದೆ (2310). ಸೇನೆಯಲ್ಲಿ ಮಗನಿರುವ ನಮ್ಮ ಮನೆಗಳು ಇದನ್ನು ಹೆಮ್ಮೆಯಿಂದ ಓದಬಹುದು. ಆದರೆ ಯುದ್ಧ ಶುರುವಾಯಿತೆಂದು ನೀತಿಧರ್ಮ ರಜೆ ಹಾಕುವುದಿಲ್ಲ; ನಾಗರಿಕರನ್ನು, ಗಾಯಗೊಂಡವರನ್ನು, ಸೆರೆಸಿಕ್ಕವರನ್ನು ಮನುಷ್ಯರಂತೆ ಕಾಣಲೇಬೇಕು ಎಂಬುದೂ ಅದೇ ಬೋಧನೆ (2312-2313). ನ್ಯಾಯದ ಕಡೆ ನಿಂತವನಿಗೂ ಏನು ಬೇಕಾದರೂ ಮಾಡುವ ಪರವಾನಗಿ ಇಲ್ಲ.

ಎರಡು ಬಾವುಟ

ಕಡೆ ಆರಿಸುವ ವಿಷಯವನ್ನು ಲೊಯೋಲದ ಸಂತ ಇಗ್ನೇಷಿಯಸರಷ್ಟು ಆಳವಾಗಿ ಬಲ್ಲವರು ಕಡಿಮೆ. ಅವರೇ ಸೈನಿಕರು. 1521ರ ಮೇ 20ರಂದು ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ತಾಗಿ ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ವೀರರ ಸಾಹಸಕಥೆಗಳನ್ನು ಓದಲು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು. ದಿನವಿಡೀ ಎರಡು ಬಗೆಯ ಕನಸು: ಒಮ್ಮೆ ತಾನು ಶೂರನಾಗಿ ಮೆರೆಯುವುದು, ಒಮ್ಮೆ ಸಂತರಂತೆ ನಡೆಯುವುದು. ಕನಸು ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸುತ್ತಿತ್ತು, ಎರಡನೆಯದು ಶಾಂತಿಯನ್ನು ಉಳಿಸುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಪರಿವರ್ತನೆಯ ಆರಂಭ.

ಮುಂದೆ ಅವರು ರಚಿಸಿದ 'ಆಧ್ಯಾತ್ಮಿಕ ಸಾಧನೆ'ಗಳಲ್ಲಿ ಎರಡು ಬಾವುಟಗಳ ಧ್ಯಾನವಿದೆ. ಒಂದು ಬಾವುಟದ ಕೆಳಗೆ ಸೈತಾನ, ಬೆಂಕಿ ಹೊಗೆಯ ಸಿಂಹಾಸನದ ಮೇಲೆ. ಇನ್ನೊಂದರ ಕೆಳಗೆ ಕ್ರಿಸ್ತರು, ತಗ್ಗಾದ ನೆಲದಲ್ಲಿ. ಆ ಬಾವುಟಗಳು ಎರಡು ದೇಶಗಳವಲ್ಲ. ಸೈತಾನನು ಸಂಪತ್ತಿನಿಂದ ಮಾನಕ್ಕೆ, ಮಾನದಿಂದ ಗರ್ವಕ್ಕೆ ಎಳೆಯುತ್ತಾನೆ. ಕ್ರಿಸ್ತರು ಬಡತನದಿಂದ ಅವಮಾನಕ್ಕೆ, ಅವಮಾನದಿಂದ ದೀನತೆಗೆ ಕರೆಯುತ್ತಾರೆ. ಒಂದೇ ಸೇನೆಯಲ್ಲಿ, ಒಂದೇ ಮನೆಯಲ್ಲಿ, ಒಂದೇ ಎದೆಯಲ್ಲಿ ಈ ಎರಡೂ ಬಾವುಟಗಳು ಹಾರಾಡಬಲ್ಲವು. ಕ್ರೈಸ್ತನಾದವನು ಆರಿಸಬೇಕಾದ ಕಡೆ ಇದು.

ಇದನ್ನು ಈ ವಾರದ ಬದುಕಿಗೆ ಹಚ್ಚಿ ನೋಡಿ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ, 2023ರ ಅಕ್ಟೋಬರಿನಲ್ಲಿ ಇಸ್ರೇಲ್ ಮತ್ತು ಗಾಜಾದಲ್ಲಿ ರಕ್ತ ಹರಿದಾಗ, ನಮ್ಮಲ್ಲಿ ಎಷ್ಟೋ ಮಂದಿ ಮೊಬೈಲಿನಲ್ಲಿ ಕಡೆ ಕಟ್ಟಿಕೊಂಡು, ಎದುರು ಪಕ್ಷದ ಹೆಣಗಳ ಚಿತ್ರಕ್ಕೆ ನಗುವ ಗುರುತು ಒತ್ತಿದೆವು. ಪೋಪ್ ಫ್ರಾನ್ಸಿಸರು 2023ರ ನವೆಂಬರ್ 22ರಂದು ಇಸ್ರೇಲಿ ಒತ್ತೆಯಾಳುಗಳ ಬಂಧುಗಳನ್ನೂ ಗಾಜಾದವರ ಬಂಧುಗಳನ್ನೂ ಒಂದೇ ದಿನ ಭೇಟಿಯಾದರು. ಗಾಜಾದ ಪವಿತ್ರ ಕುಟುಂಬ ಧರ್ಮಕೇಂದ್ರಕ್ಕೆ ಬಹುಪಾಲು ಪ್ರತಿ ಸಂಜೆ ಫೋನ್ ಮಾಡಿ, ಏನು ಊಟ ಮಾಡಿದಿರಿ ಎಂದು ವಿಚಾರಿಸುತ್ತಿದ್ದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವ ಎರಡು ದಿನ ಮುಂಚಿನವರೆಗೂ ಈ ರೂಢಿ ನಿಲ್ಲಲಿಲ್ಲ.

ದೂರದ ಯುದ್ಧ ಬೇಡ, ನಮ್ಮ ಧರ್ಮಕೇಂದ್ರವನ್ನೇ ನೋಡಿಕೊಳ್ಳೋಣ. ಭಾಷೆಯ ಕಡೆ, ಊರಿನ ಕಡೆ, ಜಾತಿಯ ಕಡೆ, ಪಾಲನಾ ಸಮಿತಿಯ ಕಡೆ. ಶಾಂತಿಯ ಕುರುಹನ್ನು ನೀಡುವ ಹೊತ್ತಿನಲ್ಲಿ ಯಾರ ಕಡೆ ನಾವು ತಿರುಗುವುದಿಲ್ಲವೋ ಅವರೇ ನಮ್ಮ ಆಟದ ವೈರಿಗಳು.

ಇನ್ನೊಂದು ಮಾತು. ಬಹುಪಾಲು ಆಟಗಳಲ್ಲಿ ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಆಡಬಹುದು. ಜೀವನದಲ್ಲಿ ಆಡಿದ ಮಾತು, ಎತ್ತಿದ ಕೈ ಹಿಂದಕ್ಕೆ ಬರುವುದಿಲ್ಲ. ಪಾಪನಿವೇದನೆ ಕೂಡ ನಡೆದದ್ದನ್ನು ನಡೆಯಲಿಲ್ಲವೆಂದು ಮಾಡುವ ಗುಂಡಿಯಲ್ಲ. ಅಲ್ಲಿ ದೇವರು ನಮ್ಮನ್ನು ಕ್ಷಮಿಸಿ, ನಡೆದದ್ದರ ಮುಂದಿನ ದಾರಿಗೆ ಕೈ ಹಿಡಿಯುತ್ತಾರೆ. ಜಕ್ಕಾಯ ಹಿಂದಕ್ಕೆ ಹೋಗಲಿಲ್ಲ. ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಮುಂದಕ್ಕೆ ನಡೆದ (ಲೂಕ 19:8).

ಆದ್ದರಿಂದ ತಂದೆತಾಯಿಗಳೇ, ಈ ವಾರ ಮಗನ ಕೈಯಿಂದ ಮೊಬೈಲು ಕಿತ್ತುಕೊಳ್ಳುವ ಮೊದಲು ಅರ್ಧ ಗಂಟೆ ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಬಯ್ಯಬೇಡಿ, ಕೇಳಿ. ಈ ಆಟದಲ್ಲಿ ನೀನು ಯಾರಪ್ಪಾ? ಎದುರಿಗಿರುವವನಿಗೆ ಹೆಸರು, ಮುಖ ಇದೆಯಾ? ಗುಂಡು ಹಾರಿಸದೆ ಮುಂದೆ ಹೋಗಲು ದಾರಿ ಇತ್ತಾ? ಆಟ ಮುಗಿಸಿದ ಮೇಲೆ ನಿನ್ನ ಮನಸ್ಸು ಹೇಗಿದೆ? ಇಗ್ನೇಷಿಯಸರು ಹಾಸಿಗೆಯಲ್ಲಿ ಕಲಿತ ಪಾಠ ಈ ಕೊನೆಯ ಪ್ರಶ್ನೆಯಲ್ಲೇ ಇದೆ. ಮಗ ಉತ್ತರ ಹೇಳಿದ ಮೇಲೆ, ಅದೇ ಪ್ರಶ್ನೆಗಳನ್ನು ನಿಮ್ಮ ಜಗಳ, ನಿಮ್ಮ ವೈರಗಳ ಬಗ್ಗೆ ನೀವೂ ಕೇಳಿಕೊಳ್ಳಿ. ರಾತ್ರಿ ಜಪಸರದ ಕೊನೆಯಲ್ಲಿ ನಮ್ಮವರಿಗಾಗಿ ಒಂದು ಪ್ರಾರ್ಥನೆ, ನಮ್ಮವರಲ್ಲದ ಒಬ್ಬರಿಗಾಗಿ ಹೆಸರು ಹೇಳಿ ಇನ್ನೊಂದು ಪ್ರಾರ್ಥನೆ ಸಲ್ಲಿಸಿ. ಆ ಹೆಸರನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾದರೆ, ನಾವು ಕೆರ ಕಳಚಬೇಕಾದ ಪವಿತ್ರ ನೆಲ ಅದೇ.

ಪ್ರಭುವೇ, ನೀವು ನಮ್ಮ ಕಡೆ ಇರಬೇಕೆಂದು ಹಟ ಹಿಡಿಯುವ ನಮ್ಮನ್ನು ನಿಮ್ಮ ಕಡೆಗೆ ಸೇರಿಸಿಕೊಳ್ಳಿರಿ. ಎದುರಿಗಿರುವವರ ಮುಖವನ್ನು ಕಾಣುವ ಕಣ್ಣು ಕೊಡಿರಿ. ಎರಡೇ ದಾರಿ ಎಂದು ಲೋಕ ಕೂಗುವಾಗ ನಿಮ್ಮ ದಾರಿಯನ್ನು ಹುಡುಕುವ ತಾಳ್ಮೆಯನ್ನೂ, ಅದಕ್ಕೆ ಬೆಲೆ ತೆರುವ ಧೈರ್ಯವನ್ನೂ ದಯಪಾಲಿಸಿರಿ. ಆಮೆನ್.